ತುರ್ಕಾನಾದ ಕೊಳವೆಬಾವಿಯ ಬೀಗದ ಕೈ ಯಾರ ಬಳಿ ಇದೆ? ದೇಣಿಗೆದಾರರಿಗೂ ನೆರವು ಸಂಸ್ಥೆಗಳಿಗೂ ಒಂದು ಬಹಿರಂಗ ಪತ್ರ

ಆಫ್ರಿಕಾದ ಬರಪೀಡಿತರಿಗೆಂದು ದೇಣಿಗೆ ನೀಡುವ ಕನ್ನಡ ಬಂಧುಗಳಿಗೆ, ಆ ಹಣವನ್ನು ವಿನಿಯೋಗಿಸುವ ಅಂತರರಾಷ್ಟ್ರೀಯ ನೆರವು ಸಂಸ್ಥೆಗಳ ಆಡಳಿತ ಮಂಡಳಿಗಳ ಸದಸ್ಯರಿಗೆ,

ಮಾನ್ಯರೇ,

ನಾನು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನವಳು, ವೃತ್ತಿಯಿಂದ ನೀರು ಸರಬರಾಜಿನ ಇಂಜಿನಿಯರ್. 2022ರ ನಡುವಿನಿಂದ ಸುಮಾರು ಒಂದೂವರೆ ವರ್ಷ ಕೀನ್ಯಾ ದೇಶದ ವಾಯವ್ಯ ಮೂಲೆಯಲ್ಲಿರುವ ತುರ್ಕಾನಾ ಕೌಂಟಿಯಲ್ಲಿ, ವಿದೇಶಿ ನೆರವು ಸಂಸ್ಥೆಯೊಂದರ ಪರವಾಗಿ ಕೊಳವೆಬಾವಿಗಳನ್ನು ಕೊರೆಸುವ ಮತ್ತು ಕೆಟ್ಟವನ್ನು ದುರಸ್ತಿ ಮಾಡಿಸುವ ಕೆಲಸ ಮಾಡಿದೆ. ಸಂಸ್ಥೆಯ ಹೆಸರನ್ನಾಗಲಿ ನಾನಿದ್ದ ಹಳ್ಳಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ನಾನು ಹೇಳಲಿರುವುದು ಒಂದು ಸಂಸ್ಥೆಗೆ ಮಾತ್ರ ಅನ್ವಯಿಸುವ ಮಾತಲ್ಲವಾದ್ದರಿಂದಲೂ, ಆ ಹಳ್ಳಿಯ ಹೆಂಗಸರು ನನ್ನ ಪತ್ರದಿಂದಾಗಿ ಯಾರ ಸಿಟ್ಟಿಗೂ ಗುರಿಯಾಗಬಾರದೆಂಬ ಕಾಳಜಿಯಿಂದಲೂ ಹಾಗೆ ಮಾಡಿದ್ದೇನೆ. ಅಲ್ಲಿದ್ದಷ್ಟು ದಿನ ಪ್ರತಿ ತಿಂಗಳೂ ಇಂಗ್ಲಿಷಿನಲ್ಲಿ ವರದಿ ಬರೆದು ಕಳಿಸುತ್ತಿದ್ದೆ. ಆ ವರದಿಗಳ ನಮೂನೆಯಲ್ಲಿ ಕೊರೆದ ಅಡಿಗಳಿಗೆ, ಹರಿದ ಲೀಟರುಗಳಿಗೆ, ‘ಫಲಾನುಭವಿ’ಗಳ ಸಂಖ್ಯೆಗೆ ಒಂದೊಂದು ಮನೆ ಇತ್ತು. ನೀರನ್ನು ಮೊದಲು ಕುಡಿದವರು ಯಾರು, ಕೊನೆಗೆ ಕುಡಿದವರು ಯಾರು ಎಂದು ಬರೆಯಲು ಜಾಗವೇ ಇರಲಿಲ್ಲ. ಆ ವಿಷಯಕ್ಕಾಗಿಯೇ ಈ ಪತ್ರ.

ತುರ್ಕಾನಾ ವಿಸ್ತಾರದಲ್ಲಿ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು; 2019ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಸುಮಾರು 9 ಲಕ್ಷ 27 ಸಾವಿರ. ಕೌಂಟಿಯ ಕೇಂದ್ರವಾದ ಲೊಡ್ವಾರ್ ಪಟ್ಟಣಕ್ಕೂ ನೈರೋಬಿಗೂ ನಡುವೆ ಸುಮಾರು 700 ಕಿಲೋಮೀಟರ್ ರಸ್ತೆ ಇದೆ. ಜನರಲ್ಲಿ ಹೆಚ್ಚಿನವರು ಆಡು, ಕುರಿ, ಒಂಟೆ, ದನ, ಕತ್ತೆಗಳನ್ನು ಸಾಕಿ ಮೇವು ನೀರು ಇದ್ದಲ್ಲಿಗೆ ಹೋಗಿ ಬದುಕುವವರು. ಮಳೆ ವರ್ಷಕ್ಕೆ ಎರಡು ಸಲ, ಮಾರ್ಚ್‌ನಿಂದ ಮೇವರೆಗೆ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಬರಬೇಕು. 2020ರ ಅಕ್ಟೋಬರ್‌ನಿಂದ 2022ರ ಡಿಸೆಂಬರ್‌ವರೆಗೆ ಸತತ ಐದು ಮಳೆಗಾಲಗಳು ಕೈಕೊಟ್ಟವು. ನಲವತ್ತು ವರ್ಷಗಳಲ್ಲಿ ಕಂಡರಿಯದ ಬರವೆಂದು ಹವಾಮಾನ ತಜ್ಞರು ಹೇಳಿದರು. ಕೀನ್ಯಾ ಒಂದರಲ್ಲೇ 25 ಲಕ್ಷಕ್ಕೂ ಹೆಚ್ಚು ಜಾನುವಾರುಗಳು ಸತ್ತವು. ಭೂಮಿ ಬಿಸಿಯಾಗದಿದ್ದರೆ ಇಂಥ ಬರ ಬೀಳುವ ಸಾಧ್ಯತೆ ಈಗಿನದಕ್ಕಿಂತ ನೂರು ಪಟ್ಟು ಕಡಿಮೆ ಇರುತ್ತಿತ್ತೆಂದು ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು 2023ರ ಏಪ್ರಿಲ್‌ನಲ್ಲಿ ಅಂದಾಜು ಮಾಡಿತು. ಆ ಬಿಸಿಗೆ ತುರ್ಕಾನಾದ ಆಡು ಕಾಯುವವರ ಪಾಲು ಎಷ್ಟೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ನಮ್ಮ ಹಿರಿಯರು ಡೋಗಿ ಬರ, ಧಾತು ಈಶ್ವರ ಬರ ಎಂದು ಕ್ಷಾಮಗಳಿಗೆ ಹೆಸರಿಟ್ಟು ನೆನಪಿನಲ್ಲಿ ಉಳಿಸಿಕೊಂಡ ಹಾಗೆಯೇ ತುರ್ಕಾನಾ ಜನರೂ ಬರಗಳಿಗೆ ಹೆಸರಿಡುತ್ತಾರೆ. 1979ರಿಂದ 1981ರವರೆಗಿನ ಬರಕ್ಕೆ ‘ಲೊಪಿಯಾರ್’ ಎನ್ನುತ್ತಾರೆ. ಗುಡಿಸಿಕೊಂಡು ಹೋದದ್ದು ಎಂಬುದು ಅದರ ಭಾವ. ಇಂಥ ಬರಗಳಲ್ಲಿ ಹಿಂಡು ಕಳೆದುಕೊಂಡವರು ಪರಿಹಾರದ ಜೋಳ ಸಿಗುವ ಜಾಗದ ಸುತ್ತ ಗುಡಿಸಲು ಹಾಕಿಕೊಂಡರು, ಅಂಥ ಅನೇಕ ಜಾಗಗಳು ಕ್ರಮೇಣ ಹಳ್ಳಿಗಳಾದವು. ನಾನಿದ್ದದ್ದೂ ಅಂಥದ್ದೇ ಒಂದು ಹಳ್ಳಿಯಲ್ಲಿ. ಪಕ್ಕದಲ್ಲಿ ವರ್ಷದ ಬಹುಪಾಲು ಮರಳಷ್ಟೇ ಇರುವ ಹೊಳೆ. ದಂಡೆಯಲ್ಲಿ ಜಾಲಿ ಮರಗಳು, ಕವಲೊಡೆದ ಕಾಡು ತಾಳೆಗಳು. ಆ ತಾಳೆಯ ಒಣಕಾಯಿಯನ್ನು ಕಲ್ಲಿನಿಂದ ಜಜ್ಜಿ ಮಕ್ಕಳು ತಿನ್ನುತ್ತಿದ್ದರೆ ಮನೆಯಲ್ಲಿ ಬೇರೇನೂ ಇಲ್ಲವೆಂದು ತಿಳಿಯಬೇಕೆಂದು ನನ್ನ ಸಹೋದ್ಯೋಗಿಯಾದ ತುರ್ಕಾನಾ ಹುಡುಗಿ ಮೊದಲ ದಿನವೇ ಹೇಳಿಕೊಟ್ಟಳು.

ನಾನು ಅಲ್ಲಿಗೆ ಹೋದಾಗ ಹೆಂಗಸರು ಹೊಳೆಯ ಮರಳಿನಲ್ಲಿ ಒರತೆ ತೋಡಿ ನೀರು ಮೊಗೆಯುತ್ತಿದ್ದರು. ಒಬ್ಬಳು ಆಳದಲ್ಲಿ ಕುಳಿತು ಬಟ್ಟಲಿನಿಂದ ತುಂಬಿ ಕೊಟ್ಟರೆ ಮೇಲಿರುವವಳು ಹಳದಿ ಕ್ಯಾನಿಗೆ ಸುರಿದುಕೊಳ್ಳುವಳು. ಇಪ್ಪತ್ತು ಲೀಟರಿನ ಒಂದು ಕ್ಯಾನು ತುಂಬಲು ಎಷ್ಟು ಹೊತ್ತು ಬೇಕೆಂದು ನಾನು ಗಡಿಯಾರ ಹಿಡಿದು ನೋಡಿದೆ. ಅದನ್ನು ವರದಿಗೆ ಸೇರಿಸಿ ಹೊಸ ಕೊಳವೆಬಾವಿ ಬೇಕೆಂಬ ವಾದವನ್ನು ಗಟ್ಟಿ ಮಾಡಿದೆ. ಆ ಒರತೆಗಳಿಗೆ ಒಂದು ಕ್ರಮವಿತ್ತೆಂಬುದನ್ನು ಮಾತ್ರ ಗಮನಿಸಲಿಲ್ಲ. ತೋಡಿದ ಮನೆಯವರದು ಒರತೆ. ಅವರ ಮನೆಯ ಕೊಡ ಮೊದಲು, ಆಮೇಲೆ ಎಳೆಯ ಆಡಿನ ಮರಿಗಳು, ಆಮೇಲೆ ದೊಡ್ಡ ಆಡುಗಳು, ಒಂಟೆಗಳು ಕೊನೆಗೆ. ಹೊರಗಿನವನು ಹಿಂಡು ಹೊಡೆದುಕೊಂಡು ಬಂದರೆ ಕೇಳಿ ಅಪ್ಪಣೆ ಪಡೆಯಬೇಕು. ಎಷ್ಟು ದೊಡ್ಡ ಹಿಂಡಿನವನಾದರೂ ಒರತೆಯ ಒಡತಿ ಬೇಡವೆಂದರೆ ಮುಂದೆ ಹೋಗಬೇಕು.

ನಾವು ಹೊಳೆಯಿಂದ ಸ್ವಲ್ಪ ದೂರದಲ್ಲಿ ಕೊಳವೆಬಾವಿ ಕೊರೆಸಿದೆವು. ನೀರು ಸಿಕ್ಕಿತು, ಸಿಹಿಯಾಗಿಯೂ ಇತ್ತು. ಸೌರ ಫಲಕಗಳು, ಪಂಪು, ಎತ್ತರದ ಟ್ಯಾಂಕು, ನಲ್ಲಿಕಟ್ಟೆ, ಜಾನುವಾರಿಗೆ ಉದ್ದನೆಯ ತೊಟ್ಟಿ, ಇಷ್ಟೂ ಆಯಿತು. ಒಂದು ಮಧ್ಯಾಹ್ನ ಹಳ್ಳಿಯವರನ್ನು ಮರದ ನೆರಳಿನಲ್ಲಿ ಸೇರಿಸಿ ನೀರಿನ ಸಮಿತಿ ರಚಿಸಿದೆವು; ಹೆಂಗಸರ ಹೆಸರುಗಳನ್ನೂ ನಿಯಮದ ಪ್ರಕಾರ ಬರೆದುಕೊಂಡೆವು. ಪಂಪಿನ ಕೋಣೆಯ ಬೀಗದ ಕೈಯನ್ನು ಸಮಿತಿಯ ಅಧ್ಯಕ್ಷನಿಗೆ ಕೊಟ್ಟೆವು. ಆತ ಹಳ್ಳಿಯಲ್ಲಿ ಅಂಗಡಿ ಇದ್ದವನು, ಅಧಿಕಾರಿಗಳ ಪರಿಚಯ ಇದ್ದವನು, ಸ್ವಾಹಿಲಿ ಮತ್ತು ಇಂಗ್ಲಿಷ್ ಬಲ್ಲವನು. ನಮ್ಮೊಡನೆ ಮಾತಾಡಲು ಅನುಕೂಲವೆಂಬ ಒಂದೇ ಕಾರಣಕ್ಕೆ ಅವನು ನಮಗೆ ಯೋಗ್ಯನಾಗಿ ಕಂಡ.

ಮುಂದಿನ ಕೆಲವೇ ವಾರಗಳಲ್ಲಿ ಆದದ್ದನ್ನು ಇಂಜಿನಿಯರಳಾಗಿಯೇ ವಿವರಿಸುತ್ತೇನೆ, ಏಕೆಂದರೆ ತಪ್ಪು ಭಾಗಶಃ ನನ್ನ ನಕ್ಷೆಯಲ್ಲಿತ್ತು. ಸೌರ ಪಂಪು ಬಿಸಿಲಿದ್ದಾಗ ಮಾತ್ರ ನೀರೆತ್ತುತ್ತದೆ. ಹಗಲಿನಲ್ಲೇ ದೂರದೂರದಿಂದ ದೊಡ್ಡ ಹಿಂಡುಗಳು ಬಂದವು. ಅವುಗಳಲ್ಲಿ ಬಹಳಷ್ಟು, ಪಟ್ಟಣದಲ್ಲಿದ್ದು ಸಂಬಳದ ಕಾವಲುಗಾರರಿಂದ ಮೇಯಿಸುವವರ ಹಿಂಡುಗಳಾಗಿದ್ದವು. ತೊಟ್ಟಿಯ ಕೊಳವೆಯನ್ನೂ ನಲ್ಲಿಕಟ್ಟೆಯ ಕೊಳವೆಯನ್ನೂ ಟ್ಯಾಂಕಿನ ತಳದಲ್ಲೇ ಜೋಡಿಸಿದ್ದೆ, ತೊಟ್ಟಿ ನಲ್ಲಿಗಿಂತ ತಗ್ಗಿನಲ್ಲಿತ್ತು. ನೀರು ತಗ್ಗಿಗೆ ಹರಿಯುತ್ತದೆ. ಒಂಟೆಗಳು ಕುಡಿಯುತ್ತಿದ್ದಷ್ಟು ಹೊತ್ತೂ ಟ್ಯಾಂಕು ತುಂಬುತ್ತಿರಲಿಲ್ಲ, ನಲ್ಲಿಯಲ್ಲಿ ದಾರದಷ್ಟು ಧಾರೆ ಬರುತ್ತಿತ್ತು. ತೊಟ್ಟಿಯ ಕೊಳವೆಯನ್ನು ಟ್ಯಾಂಕಿನ ನಡುಮಟ್ಟದಿಂದ ತೆಗೆದಿದ್ದರೆ ಕೆಳಗಿನ ಅರ್ಧ ನೀರು ಮನುಷ್ಯರಿಗೆಂದೇ ಉಳಿಯುತ್ತಿತ್ತು. ಆ ಸರಳ ವಿಷಯ ನನಗೆ ಹೊಳೆದದ್ದು ರಾತ್ರಿ ಹನ್ನೊಂದಕ್ಕೆ ನಲ್ಲಿಯ ಮುಂದೆ ಕ್ಯಾನುಗಳ ಸಾಲನ್ನೂ ಅವುಗಳ ಪಕ್ಕದಲ್ಲೇ ಮಲಗಿದ್ದ ತಾಯಂದಿರನ್ನೂ ಕಂಡ ಮೇಲೆ. ಇತ್ತ ಸಮಿತಿಯು ನಿರ್ವಹಣೆಗೆಂದು ಕ್ಯಾನಿಗೆ ಇಷ್ಟು ಎಂದು ದರ ಗೊತ್ತುಮಾಡಿತ್ತು, ಹಿಂಡಿಗೆ ಮಾತ್ರ ಒಟ್ಟು ಮೊತ್ತದ ಒಪ್ಪಂದ. ಲೀಟರಿನ ಲೆಕ್ಕದಲ್ಲಿ ನೋಡಿದರೆ ತಲೆಯ ಮೇಲೆ ನೀರು ಹೊರುವವಳು ನೂರು ಒಂಟೆಯವನಿಗಿಂತ ಹೆಚ್ಚು ಬೆಲೆ ಕೊಡುತ್ತಿದ್ದಳು.

ಒರತೆಯ ಬಳಿ ನಾನು ಮೊದಲು ಕಂಡಿದ್ದ ಮುದುಕಿಯೊಬ್ಬಳು ಒಂದು ದಿನ ನನ್ನನ್ನು ನಿಲ್ಲಿಸಿ ಮಾತಾಡಿಸಿದಳು. ‘ಙಾಕಿಪಿ’ ಎಂಬ ಒಂದು ಪದ ಮಾತ್ರ ನನಗೆ ತಿಳಿಯಿತು, ನೀರು ಎಂದು. ಉಳಿದದ್ದನ್ನು ನನ್ನ ಸಹೋದ್ಯೋಗಿ ತಗ್ಗಿದ ದನಿಯಲ್ಲಿ ತಿಳಿಸಿದಳು: ಮರಳಿನ ನೀರು ಕಡಿಮೆಯಿತ್ತು, ಆದರೆ ನನ್ನದಾಗಿತ್ತು, ನಿಮ್ಮ ನೀರು ಬಹಳ ಇದೆ, ಅದನ್ನು ಕೇಳಲು ನಾನು ಅಂಗಡಿಯವನ ಬಾಗಿಲಿಗೆ ಹೋಗಬೇಕು.

ಆ ರಾತ್ರಿ ನನಗೆ ಪಾವಗಡವೇ ಕಣ್ಣ ಮುಂದೆ ಬಂತು. ನಮ್ಮ ಸೀಮೆಯಲ್ಲಿ ತಲಪರಿಗೆಗಳಿದ್ದವು. ಹಳ್ಳದ ಮರಳಿನಲ್ಲಿ ಉಕ್ಕುವ ನೀರನ್ನು ಕಾಲುವೆಯಲ್ಲಿ ತಂದು ಸರದಿಯಂತೆ ಹಂಚಿಕೊಳ್ಳುತ್ತಿದ್ದರು. ಕೊಳವೆಬಾವಿ ಬಂದಮೇಲೆ ಹೆಚ್ಚು ಆಳಕ್ಕೆ ಕೊರೆಸುವ ದುಡ್ಡಿದ್ದವರ ತೋಟ ಉಳಿಯಿತು, ಪಕ್ಕದವರ ತೆರೆದ ಬಾವಿ ಬತ್ತಿತು, ತಲಪರಿಗೆಗಳೂ ಒಣಗಿದವು. ಆಳದ ನೀರಿನಲ್ಲಿ ಫ್ಲೋರೈಡ್ ಬಂದು ಊರಿನವರ ಹಲ್ಲು, ಮೂಳೆಗಳು ಕೆಟ್ಟವು. ಇದನ್ನೆಲ್ಲ ಕಂಡು ಬೆಳೆದವಳೇ ಏಳು ಸಮುದ್ರ ದಾಟಿ ಹೋಗಿ ಅದನ್ನೇ ಮತ್ತೆ ಮಾಡಿದೆನಲ್ಲ ಎಂಬ ನೋವು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ನೀರಿನ ಜೊತೆಗೆ ಇನ್ನೊಂದು ಸಂಗತಿಯನ್ನು ನೀವು ತಿಳಿಯಬೇಕು. ಬರದಲ್ಲಿ ಹಸಿವಿಗಿಂತ ಮೊದಲು ಬರುವುದು ಮಾರುಕಟ್ಟೆಯ ಕುಸಿತ. ಆಡು ಸೊರಗುತ್ತದೆ, ಎಲ್ಲರೂ ಒಟ್ಟಿಗೆ ಮಾರಲು ಬರುತ್ತಾರೆ, ಬೆಲೆ ಬೀಳುತ್ತದೆ. ಅದೇ ಹೊತ್ತಿಗೆ ಮೆಕ್ಕೆಜೋಳದ ಬೆಲೆ ಏರುತ್ತದೆ. ಒಳ್ಳೆಯ ಕಾಲದಲ್ಲಿ ಒಂದು ಆಡು ಮಾರಿದರೆ ವಾರಗಟ್ಟಲೆ ಉಣ್ಣುತ್ತಿದ್ದ ಮನೆ, ಕೆಟ್ಟ ಕಾಲದಲ್ಲಿ ಅದನ್ನೇ ಮಾರಿ ಕೆಲವು ದಿನದ ಹಿಟ್ಟು ತರುತ್ತದೆ. ಆ ಅಗ್ಗದ ಆಡನ್ನು ಕೊಳ್ಳುವವರು ಲಾರಿಯೂ ಕೈಯಲ್ಲಿ ದುಡ್ಡೂ ಇರುವವರು. ಮಳೆ ಮರಳಿದಾಗ ಅವರ ಹಿಂಡು ದೊಡ್ಡದಾಗಿರುತ್ತದೆ, ಮಾರಿದವರು ಅವರ ಕಾವಲುಗಾರರಾಗಿರುತ್ತಾರೆ. ಎಂದರೆ ನಮ್ಮ ನೆರವು ಆರು ತಿಂಗಳು ತಡವಾದರೆ ಆ ಆರು ತಿಂಗಳಲ್ಲಿ ಬಡವರ ಆಡುಗಳು ಉಳ್ಳವರ ದೊಡ್ಡಿ ಸೇರಿರುತ್ತವೆ. ತಡವಾಗಿ ಬಂದ ಜೋಳದ ಮೂಟೆ ಅದನ್ನು ಹಿಂದಕ್ಕೆ ತರಲಾರದು.

ಈ ತಡ ಅರಿವಿಲ್ಲದೆ ಆದದ್ದಲ್ಲ. ಕೀನ್ಯಾದ ರಾಷ್ಟ್ರೀಯ ಬರ ನಿರ್ವಹಣಾ ಪ್ರಾಧಿಕಾರವು ಬರಪೀಡಿತ ಕೌಂಟಿಗಳ ಸ್ಥಿತಿಯನ್ನು ತಿಂಗಳು ತಿಂಗಳೂ ಪ್ರಕಟಿಸುತ್ತದೆ: ಮೇವಿನ ಹಸಿರೆಷ್ಟು, ನೀರಿಗೆ ನಡೆಯುವ ದೂರವೆಷ್ಟು, ಒಂದು ಆಡಿಗೆ ಎಷ್ಟು ಕಿಲೋ ಜೋಳ ಬರುತ್ತದೆ, ಎಷ್ಟು ಮಕ್ಕಳ ತೋಳಿನ ಸುತ್ತಳತೆ ಅಪೌಷ್ಟಿಕತೆಯನ್ನು ಸೂಚಿಸುವಷ್ಟು ಕಡಿಮೆಯಾಗಿದೆ. ಎಚ್ಚರಿಕೆ, ಅಪಾಯ, ತುರ್ತು ಎಂದು ಹಂತಗಳನ್ನೂ ಗುರುತಿಸುತ್ತದೆ. 2020ರ ಕೊನೆಯ ಮಳೆ ತಪ್ಪಿದಾಗಲೇ ಸೂಚನೆಗಳಿದ್ದವು. ಕೀನ್ಯಾ ಸರ್ಕಾರ ಬರವನ್ನು ರಾಷ್ಟ್ರೀಯ ವಿಪತ್ತೆಂದು ಘೋಷಿಸಿದ್ದು 2021ರ ಸೆಪ್ಟೆಂಬರ್ 8ರಂದು. ನನ್ನನ್ನು ಕಳಿಸಿದ ಯೋಜನೆಗೆ ಹಣ ಮಂಜೂರಾದದ್ದು ಅದೂ ಕಳೆದು ಎಷ್ಟೋ ತಿಂಗಳ ಮೇಲೆ, ಸತ್ತ ಜಾನುವಾರುಗಳ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದ ನಂತರ. ಅದಕ್ಕೂ ಸುಮಾರು ಹತ್ತು ವರ್ಷ ಹಿಂದೆ ಪಕ್ಕದ ಸೊಮಾಲಿಯಾದಲ್ಲೂ ಹೀಗೆಯೇ ಆಗಿತ್ತು. 2010ರಿಂದ 2012ರವರೆಗಿನ ಆ ಕ್ಷಾಮದಲ್ಲಿ ಸುಮಾರು 2,58,000 ಜನ ಸತ್ತರೆಂದು ಆಮೇಲಿನ ಅಧ್ಯಯನ ಲೆಕ್ಕ ಹಾಕಿತು. 2011ರ ಜುಲೈನಲ್ಲಿ ಕ್ಷಾಮವೆಂದು ಘೋಷಿಸುವ ಹೊತ್ತಿಗೇ ಅವರಲ್ಲಿ ಅರ್ಧದಷ್ಟು ಜನ ತೀರಿಹೋಗಿದ್ದರು.

ತುರ್ಕಾನಾದ ಬಡತನವನ್ನು ಮಳೆಯ ತಲೆಗೆ ಕಟ್ಟುವುದು ನಮ್ಮೆಲ್ಲರಿಗೂ ಅನುಕೂಲ. ವಸಾಹತು ಆಡಳಿತ ಉತ್ತರದ ಜಿಲ್ಲೆಗಳನ್ನು ಪರವಾನಗಿಯಿಲ್ಲದೆ ಹೊರಗಿನವರು ಕಾಲಿಡದ ಮುಚ್ಚಿದ ಪ್ರದೇಶಗಳನ್ನಾಗಿಸಿತ್ತು. ಸ್ವಾತಂತ್ರ್ಯ ಬಂದಮೇಲೆ 1965ರಲ್ಲಿ ಕೀನ್ಯಾ ಸರ್ಕಾರ ಮಂಡಿಸಿದ ಪ್ರಸಿದ್ಧ ನೀತಿಪತ್ರವು, ಅಭಿವೃದ್ಧಿಯ ಹಣವನ್ನು ಹೆಚ್ಚು ಉತ್ಪಾದನೆ ಕೊಡುವ ಕಡೆ ಹಾಕಬೇಕೆಂದಿತು. ಚಹಾ ಕಾಫಿ ಬೆಳೆಯುವ ತಂಪು ಬೆಟ್ಟಗಳಿಗೆ ರಸ್ತೆ, ಶಾಲೆ, ಆಸ್ಪತ್ರೆಗಳು ಬಂದವು, ಒಣ ಉತ್ತರಕ್ಕೆ ಬರಲಿಲ್ಲ. ತುರ್ಕ್‌ವೆಲ್ ನದಿಗೆ ಕಟ್ಟಿದ ಅಣೆಕಟ್ಟಿನ ವಿದ್ಯುತ್ತು 1990ರ ದಶಕದ ಆರಂಭದಿಂದ ದಕ್ಷಿಣಕ್ಕೆ ಹರಿಯಿತು, ನದಿಯ ಕೆಳಭಾಗದ ಹಳ್ಳಿಗಳು ಕತ್ತಲಲ್ಲೇ ಉಳಿದವು. 2012ರಲ್ಲಿ ಲೊಕಿಚಾರ್ ಬಳಿ ಕಚ್ಚಾತೈಲ ಸಿಕ್ಕಿತು. 2018ರಲ್ಲಿ ತೈಲದ ಲಾರಿಗಳು ಮೊಂಬಾಸಾಕ್ಕೆ ಹೊರಟಾಗ ಅಲ್ಲಿಯ ಜನ, ನಮ್ಮ ನೆಲದ ಸಂಪತ್ತಿನಲ್ಲಿ ನಮ್ಮ ಪಾಲೆಲ್ಲಿ, ನಮಗೆ ಭದ್ರತೆಯೆಲ್ಲಿ, ಕೆಲಸವೆಲ್ಲಿ ಎಂದು ಅವುಗಳನ್ನು ಅಡ್ಡಗಟ್ಟಿದರು. ಅವರು ದಾನ ಕೇಳುತ್ತಿರಲಿಲ್ಲ.

ನಮ್ಮಂಥ ಹೊರಗಿನವರ ಚರಿತ್ರೆಯೂ ಅಲ್ಲಿ ಕಲ್ಲು ಸಿಮೆಂಟಿನಲ್ಲಿ ನಿಂತಿದೆ. ತುರ್ಕಾನಾ ಸರೋವರದ ದಂಡೆಯ ಕಲೊಕೊಲ್‌ನಲ್ಲಿ ನಾರ್ವೆಯ ನೆರವಿನಿಂದ ಕಟ್ಟಿದ ಮೀನು ಸಂಸ್ಕರಣಾ ಕಾರ್ಖಾನೆ 1980ರ ದಶಕದ ಆರಂಭದಲ್ಲಿ ತೆರೆದು ಸ್ವಲ್ಪ ಕಾಲದಲ್ಲೇ ನಿಂತಿತು. ಮೀನನ್ನು ಹೆಪ್ಪುಗಟ್ಟಿಸುವ ಖರ್ಚು ಮೀನಿನ ಬೆಲೆಯನ್ನು ಮೀರಿತು, ಮೀನು ಸಿಗುತ್ತಿದ್ದ ಕೊಲ್ಲಿಯ ನೀರೇ ಹಿಂದೆ ಸರಿಯಿತು. ಹಿಂಡು ಸಾಕುವವರನ್ನು ಮೀನುಗಾರರನ್ನಾಗಿ ಮಾಡಬೇಕೆಂಬ ನಿರ್ಧಾರದಲ್ಲಿ ಅವರ ಮಾತು ಎಷ್ಟಿತ್ತೆಂದು ಆ ಕಟ್ಟಡವನ್ನು ನೋಡಿದವರು ಊಹಿಸಬಹುದು. 2013ರಲ್ಲಿ ಉಪಗ್ರಹಗಳ ನೆರವಿನಿಂದ ಲೊಟಿಕಿಪಿ ಬಯಲಿನ ಅಡಿಯಲ್ಲಿ ಭಾರಿ ಜಲಭಂಡಾರವಿದೆಯೆಂದು ಘೋಷಣೆಯಾಗಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಮುಂದೆ ಪರೀಕ್ಷೆಗೆ ಕೊರೆದಾಗ ನೀರು ಕುಡಿಯಲಾರದಷ್ಟು ಉಪ್ಪಾಗಿತ್ತು. ನನ್ನ ಊರಿನವರಿಗೆ ಬಳ್ಳಾರಿ ಜಾಲಿಯೆಂದು ಪರಿಚಿತವಾದ ಮುಳ್ಳುಗಿಡವನ್ನು ಮರುಭೂಮಿ ಹಸಿರಾಗಲೆಂದು ಅಲ್ಲಿಯೂ ನೆಡಿಸಿದರು. ಇಂದು ಅದು ಹೊಳೆದಂಡೆಯ ಮೇವಿನ ನೆಲವನ್ನು ಆಕ್ರಮಿಸಿದೆ. ಲೊಡ್ವಾರ್‌ನಲ್ಲಿ ಇಳಿದಾಗ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಆ ಗಿಡವೇ. ಪರಿಚಿತ ಗಿಡವೆಂದು ಆಗ ಸಂತೋಷಪಟ್ಟಿದ್ದೆ.

ನಮ್ಮ ವಸತಿಯ ಬಗ್ಗೆಯೂ ಬರೆಯಲೇಬೇಕು. ಬೇಲಿಯೊಳಗೆ ಜನರೇಟರ್, ತಂಪು ಯಂತ್ರ, ಸ್ನಾನದ ಮನೆಯಲ್ಲಿ ಯಾವಾಗಲೂ ನೀರು. ಬರ ಅತಿ ತೀವ್ರವಾಗಿದ್ದ ವಾರಗಳಲ್ಲೂ ಟ್ಯಾಂಕರ್ ಮೊದಲು ನಮ್ಮ ಗೇಟಿಗೆ ಬಂದು ಆಮೇಲೆ ಹಳ್ಳಿಗೆ ಹೋಗುತ್ತಿತ್ತು. ತುರ್ತು ಕಾಲದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂಬುದು ನಾವೇ ಒಪ್ಪಿಕೊಂಡ ಮಾನದಂಡ. ಹಳ್ಳಿಯಲ್ಲಿ ಅದನ್ನು ಮುಟ್ಟಿಸಲು ಹೆಣಗುತ್ತಿದ್ದ ನಾನು ಸಂಜೆ ಅದಕ್ಕಿಂತ ಹೆಚ್ಚು ನೀರನ್ನು ಒಂದು ಸ್ನಾನಕ್ಕೆ ಸುರಿದುಕೊಂಡಿದ್ದೇನೆ. ನನ್ನಷ್ಟೇ ಓದಿದ, ಭಾಷೆ ಬಲ್ಲ, ನೆಲ ಬಲ್ಲ ತುರ್ಕಾನಾ ಸಹೋದ್ಯೋಗಿಯ ಸಂಬಳ ನನ್ನ ಸಂಬಳದ ಸಣ್ಣ ಭಾಗವಾಗಿತ್ತು. ಒಪ್ಪಂದ ಮುಗಿದಾಗ ನನಗೆ ವಿಮಾನದ ಟಿಕೇಟು ಸಿಕ್ಕಿತು, ಅವಳಿಗೆ ಪ್ರಮಾಣಪತ್ರ ಸಿಕ್ಕಿತು. ನೆರವಿನ ಹಣದ ಕಾಲುಭಾಗವನ್ನು ಆದಷ್ಟು ನೇರವಾಗಿ ಸ್ಥಳೀಯ ಸಂಸ್ಥೆಗಳಿಗೇ ಕೊಡಬೇಕೆಂದು ದೊಡ್ಡ ದೇಶಗಳೂ ಸಂಸ್ಥೆಗಳೂ 2016ರಲ್ಲಿ ಇಸ್ತಾಂಬುಲ್‌ನಲ್ಲಿ ಒಪ್ಪಿ, 2020ರ ಗಡುವನ್ನೂ ಹಾಕಿಕೊಂಡಿದ್ದವು. ಗಡುವು ಕಳೆಯಿತು, ಗುರಿಯ ಹತ್ತಿರಕ್ಕೂ ಹೋಗಲಿಲ್ಲ.

ಏನು ಮಾಡಬಹುದೆಂಬುದಕ್ಕೆ ಉತ್ತರ ಆ ದೇಶದಲ್ಲೇ ಇದೆ. ನಾನು ಅಲ್ಲಿದ್ದಾಗ, ತುರ್ಕಾನಾ ಮತ್ತು ಉತ್ತರದ ಇತರ ಒಣ ಕೌಂಟಿಗಳ ಒಂದು ಲಕ್ಷಕ್ಕೂ ಹೆಚ್ಚು ಬಡ ಮನೆಗಳಿಗೆ ಎರಡು ತಿಂಗಳಿಗೊಮ್ಮೆ 5,400 ಕೀನ್ಯಾ ಶಿಲ್ಲಿಂಗ್ ಅವರವರ ಬ್ಯಾಂಕ್ ಖಾತೆಗೆ ಹಾಕುವ ಹಸಿವು ಸುರಕ್ಷಾ ಯೋಜನೆಯನ್ನು ಕೀನ್ಯಾ ಸರ್ಕಾರ ನಡೆಸುತ್ತಿತ್ತು. ಉಪಗ್ರಹದ ಚಿತ್ರದಲ್ಲಿ ಮೇವಿನ ಹಸಿರು ಒಂದು ಮಟ್ಟಕ್ಕಿಂತ ಕುಸಿದರೆ ಇನ್ನಷ್ಟು ಮನೆಗಳಿಗೆ ಹಣ ವಿಸ್ತರಿಸುವ ಏರ್ಪಾಡೂ ಅದರಲ್ಲಿತ್ತು. ಅದು ಮೊತ್ತದಲ್ಲಿ ಸಣ್ಣದು, ಪಟ್ಟಿಯಿಂದ ಹೊರಗುಳಿದ ಅರ್ಹರ ದೂರುಗಳೂ ಇದ್ದವು. ಆದರೂ ಆಡನ್ನು ಅಗ್ಗಕ್ಕೆ ಮಾರದೆ ಒಂದು ತಿಂಗಳು ತಡೆದುಕೊಂಡ ಮನೆಗಳನ್ನು ನಾನು ನೋಡಿದ್ದೇನೆ. ಅವು ಆ ಹಣ ಬರುತ್ತಿದ್ದ ಮನೆಗಳು. ನಮ್ಮ ಕೊಳವೆಬಾವಿ ಆ ಮನೆಗಳಿಗೆ ಅಷ್ಟು ಉಪಕಾರ ಮಾಡಲಿಲ್ಲ.

ಆದ್ದರಿಂದ ಆಡಳಿತ ಮಂಡಳಿಯ ಸದಸ್ಯರಲ್ಲಿ ನನ್ನ ಬೇಡಿಕೆಗಳು ಇವು. ಬರ ನಿರ್ವಹಣಾ ಪ್ರಾಧಿಕಾರದ ಪ್ರಕಟಣೆಯಲ್ಲಿ ಒಂದು ಕೌಂಟಿ ‘ಎಚ್ಚರಿಕೆ’ಯ ಹಂತಕ್ಕೆ ಬಂದ ತಿಂಗಳಲ್ಲೇ ಹಣ ಬಿಡುಗಡೆಯಾಗುವಂತೆ ಮೊದಲೇ ನಿರ್ಣಯ ಮಾಡಿಡಿ, ಚಿತ್ರಗಳಿಗಾಗಿ ಕಾಯಬೇಡಿ. ಆ ಹಣದ ದೊಡ್ಡ ಪಾಲನ್ನು ಮನೆಗಳಿಗೆ ನೇರವಾಗಿ ಕೊಡಿ, ಆಡುಗಳು ಇನ್ನೂ ಗಟ್ಟಿಯಾಗಿರುವಾಗ ನ್ಯಾಯಬೆಲೆಗೆ ಕೊಳ್ಳುವುದಕ್ಕೂ ಬಳಸಿ. ಕೊಳವೆಬಾವಿ ಕೊರೆಸುವುದಾದರೆ ಆ ನೆಲದ ನೀರಿನ ಹಳೆಯ ಹಕ್ಕುದಾರರು ಯಾರೆಂದು ಕೇಳುವುದಕ್ಕೆ ಕೊರೆಯುವ ಯಂತ್ರಕ್ಕಿಂತ ಮೊದಲು ಒಬ್ಬರನ್ನು ಕಳಿಸಿ, ಅವರಿಗೆ ತಿಂಗಳುಗಟ್ಟಲೆ ಸಮಯ ಕೊಡಿ. ಬೀಗದ ಕೈಯೂ ದರ ನಿಗದಿಯೂ ನೀರು ಹೊರುವ ಹೆಂಗಸರ ಕೈಯಲ್ಲಿರಲಿ. ಮುಂದಿನ ಐದು ವರ್ಷಗಳ ಬಿಡಿಭಾಗ ಮತ್ತು ದುರಸ್ತಿಯ ಹಣವನ್ನು ಕೊರೆಯುವ ಹಣದ ಜೊತೆಗೇ ತೆಗೆದಿಡಿ. ಪ್ರತಿ ಯೋಜನೆಯಲ್ಲೂ ಎಷ್ಟು ಹಣ ಹಳ್ಳಿಯ ಮನೆಗಳಿಗೆ ತಲುಪಿತು, ಎಷ್ಟು ನಮ್ಮ ಬೇಲಿಯೊಳಗೆ ಖರ್ಚಾಯಿತು ಎಂಬ ಲೆಕ್ಕವನ್ನು ಆ ಹಳ್ಳಿಯ ಭಾಷೆಯಲ್ಲಿ ಆ ಹಳ್ಳಿಯ ಮರದಡಿಯಲ್ಲೇ ಓದಿ ಹೇಳಿ. ನನ್ನ ಹುದ್ದೆಗೆ ಇನ್ನೊಬ್ಬ ಹೊರಗಿನವರನ್ನು ಕಳಿಸುವ ಮುನ್ನ ನನ್ನ ಸಹೋದ್ಯೋಗಿಯಂಥವರಿಗೆ ಅದನ್ನು ಅದೇ ಸಂಬಳಕ್ಕೆ ಏಕೆ ಕೊಡಬಾರದೆಂಬುದಕ್ಕೆ ಲಿಖಿತ ಕಾರಣ ನೀಡಿ.

ದೇಣಿಗೆ ಕೊಡುವ ಕನ್ನಡ ಬಂಧುಗಳೇ, ದಯವಿಟ್ಟು ಕೊಡುವುದನ್ನು ನಿಲ್ಲಿಸಬೇಡಿ; ನನ್ನ ಪತ್ರದಿಂದ ಹಾಗೆ ಆದರೆ ನಾನು ಎರಡನೆಯ ತಪ್ಪು ಮಾಡಿದಂತಾಗುತ್ತದೆ. ಆದರೆ ಹಣ ಕಳಿಸಿದ ಮೇಲೆ ರಸೀದಿಯ ಜೊತೆಗೆ ಎರಡು ವಿಷಯ ಕೇಳಿ: ಬರದ ಯಾವ ಹಂತದಲ್ಲಿ ಈ ಹಣ ಖರ್ಚಾಯಿತು, ನೀರಿನ ಬೀಗದ ಕೈ ಇಂದು ಯಾರ ಬಳಿ ಇದೆ. ಸತ್ತ ಒಂಟೆಯ ಪಕ್ಕ ನಿಂತ ಮಗುವಿನ ಚಿತ್ರ ಬಂದರೆ, ಆ ಒಂಟೆ ಸಾಯುವ ಮೊದಲು ನೀವು ಎಲ್ಲಿದ್ದಿರೆಂದು ಕಳಿಸಿದವರನ್ನು ಕೇಳಿ.

2023ರ ಮಾರ್ಚ್ ಕೊನೆಯಲ್ಲಿ ಮಳೆ ಬಂತು. ಮೊದಲ ರಾತ್ರಿಯ ತಣ್ಣನೆಯ ಮಳೆಗೇ ಸೊರಗಿದ್ದ ಎಷ್ಟೋ ಆಡುಗಳು ಸತ್ತವು. ಐದು ಮಳೆಗಾಲ ತಡೆದುಕೊಂಡವು ಆರನೆಯದು ಬಂದ ರಾತ್ರಿ ಬಿದ್ದವು. ನಾನು ಹೊರಡುವ ಮುನ್ನ ತೊಟ್ಟಿಯ ಕೊಳವೆಯನ್ನು ಟ್ಯಾಂಕಿನ ನಡುಮಟ್ಟಕ್ಕೆ ಎತ್ತಿ ಜೋಡಿಸಿದೆ. ಬೀಗದ ಕೈಯ ವಿಷಯದಲ್ಲಿ ನನ್ನ ಮಾತು ನಡೆಯಲಿಲ್ಲ. ಈಚೆಗೆ ಸಹೋದ್ಯೋಗಿಯ ಸಂದೇಶ ಬಂದಿದೆ: ಪಂಪಿನ ನಿಯಂತ್ರಕ ಸುಟ್ಟುಹೋಗಿದೆ, ಬಿಡಿಭಾಗ ನೈರೋಬಿಯಿಂದ ಬರಬೇಕು, ಅದಕ್ಕೆ ಯಾವ ಯೋಜನೆಯಲ್ಲೂ ಹಣವಿಲ್ಲ, ಹೆಂಗಸರು ಮತ್ತೆ ಮರಳಿನಲ್ಲಿ ಒರತೆ ತೋಡಿದ್ದಾರೆ. ಆ ನಿಯಂತ್ರಕಕ್ಕೆ ತಗಲುವ ಹಣ ನನ್ನ ಒಂದು ತಿಂಗಳ ಭತ್ಯೆಗಿಂತ ಕಡಿಮೆ. ಅದನ್ನು ನಾನು ಕಳಿಸುತ್ತಿದ್ದೇನೆ. ಪಂಪಿನ ಕೋಣೆಗೆ ಹೊಸ ಬೀಗವನ್ನೂ, ಅದರ ಕೈ ಆ ಮುದುಕಿಯ ಬಳಿ ಇರಬೇಕೆಂಬ ಕೋರಿಕೆಯನ್ನೂ ಜೊತೆಗೆ ಕಳಿಸಿದ್ದೇನೆ. ಉಳಿದ ಕೊಳವೆಬಾವಿಗಳ ವಿಷಯದಲ್ಲಿ ತಮ್ಮ ಉತ್ತರಕ್ಕಾಗಿ ಕಾಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪಾವಗಡ ತಾಲ್ಲೂಕಿನ ಒಬ್ಬ ನೀರಿನ ಇಂಜಿನಿಯರ್